ಅಂತರ್ಜಾಲದಲ್ಲಿ ಜಾಗದ ಏಲಂ: ಕೂಗುವ ಮೊದಲು

ಹಿಂದೆ ಜಾಗದ ಏಲಂ ಎಂದರೆ ಹತ್ತು ಜನರ ಎದುರು ನಡೆಯುವ ಸಂಗತಿಯಾಗಿತ್ತು. ಕೂಗುವವರು ಯಾರು, ಜಾಗದ ತಕರಾರು ಏನು ಎಂಬುದು ಊರಿಗೇ ತಿಳಿದಿರುತ್ತಿತ್ತು. ಈಗ ಬ್ಯಾಂಕುಗಳು ಸಾಲಕ್ಕೆ ಅಡವಿದ್ದ ಜಾಗಗಳನ್ನು ಅಂತರ್ಜಾಲದಲ್ಲಿ ಏಲಂ ಹಾಕುತ್ತವೆ. ಸರಕಾರಿ ರಂಗದ ಬ್ಯಾಂಕುಗಳ ಪಟ್ಟಿ 2025ರ ಜನವರಿಯಿಂದ ‘ಬ್ಯಾಂಕ್‌ನೆಟ್’ ಎಂಬ ತಾಣದಲ್ಲಿ ಸಿಗುತ್ತದೆ. ಪುತ್ತೂರು, ಸುಳ್ಯ, ಕಡಬದ ಕಡೆ ಮನೆಗೋ ಅಂಗಡಿಗೋ ಜಾಗ ಹುಡುಕುವ ಕೃಷಿಕ ಬಂಧುಗಳು ಇದರ ಒಳಹೊರಗನ್ನು ತಿಳಿದಿರುವುದು ಒಳ್ಳೆಯದು.

ಇಂತಹ ಏಲಂಗಳು ಹೆಚ್ಚಾಗಿ 2002ರ ಸರ್ಫೇಸಿ ಕಾಯ್ದೆಯಂತೆ ನಡೆಯುತ್ತವೆ. ಭಾಗವಹಿಸಲು ಮೊದಲೇ ಮುಂಗಡ ಕಟ್ಟಬೇಕು. ಸಾಮಾನ್ಯವಾಗಿ ಅದು ಕನಿಷ್ಠ ಬೆಲೆಯ ಶೇಕಡಾ 10. ಏಲಂ ನಮ್ಮ ಹೆಸರಿಗೆ ನಿಂತರೆ ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ, ಆ ಮುಂಗಡವೂ ಸೇರಿ, ಶೇಕಡಾ 25 ತುಂಬಬೇಕು. ಉಳಿದದ್ದಕ್ಕೆ 15 ದಿನ. ಬ್ಯಾಂಕು ಒಪ್ಪಿದರೆ ಮಾತ್ರ ಹೆಚ್ಚೆಂದರೆ ಮೂರು ತಿಂಗಳ ತನಕ ಮುಂದುವರಿಯಬಹುದು. ತಪ್ಪಿದರೆ ಕಟ್ಟಿದ ಹಣ ಹೋಯಿತು. ಅಡಿಕೆ ಮಾರಿ ಕೊಡುತ್ತೇನೆ, ಸಾಲ ಮಂಜೂರಾಗಲಿ ಎಂಬ ಮಾತು ಅಲ್ಲಿ ನಡೆಯದು.

‘ಇದ್ದಲ್ಲಿ, ಇದ್ದ ಹಾಗೆ’ ಎಂಬ ಷರತ್ತು ಪ್ರಕಟಣೆಯಲ್ಲಿ ಇದ್ದೇ ಇರುತ್ತದೆ. ದಾರಿ ಇಲ್ಲದಿದ್ದರೆ, ಗಡಿ ಒತ್ತುವರಿಯಾಗಿದ್ದರೆ, ಪಂಚಾಯತಿನ ತೆರಿಗೆ ಬಾಕಿಯಿದ್ದರೆ ಅದು ಕೊಂಡವರ ತಲೆಗೇ. ಸ್ವಾಧೀನ ‘ಸಾಂಕೇತಿಕ’ ಎಂದು ಬರೆದಿದ್ದರೆ ಮನೆಯೊಳಗೆ ಹಳೆಯ ಮಾಲಕರು ಇನ್ನೂ ಇದ್ದಾರೆ ಎಂದೇ ತಿಳಿಯಬೇಕು. ಅವರನ್ನು ಎಬ್ಬಿಸಲು ಜಿಲ್ಲಾಧಿಕಾರಿಗಳ ಅಥವಾ ಮ್ಯಾಜಿಸ್ಟ್ರೇಟರ ಆದೇಶ ಬೇಕು.

ಆದರೆ ನಮ್ಮ ಜಿಲ್ಲೆಯಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಕುಮ್ಕಿಯ ವಿಷಯದಲ್ಲಿ. ಕದೀಂ ವರ್ಗ ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಮೇವು, ಕಟ್ಟಿಗೆಗೆ ಇರುವ ಸವಲತ್ತು ಅದು, ಮಾಲಕತ್ವ ಅಲ್ಲ. ಎಷ್ಟೋ ಕಡೆ ತೋಟ, ಬಾವಿ, ಕೊಟ್ಟಿಗೆ ಎಲ್ಲವೂ ಕುಮ್ಕಿಗೆ ಚಾಚಿಕೊಂಡಿವೆ. ತಾಣದ ಚಿತ್ರದಲ್ಲಿ ಕಾಣುವ ಹಸಿರು ತೋಟ ಎರಡೆಕರೆ ಇರಬಹುದು, ಕ್ರಯಪತ್ರಕ್ಕೆ ಬರುವ ವರ್ಗ ಜಾಗ ಅದರ ಅರ್ಧವೂ ಇಲ್ಲದಿರಬಹುದು. ಬ್ಯಾಂಕಿಗೆ ಅಡವಾದದ್ದನ್ನಷ್ಟೇ ಬ್ಯಾಂಕು ಮಾರಬಲ್ಲದು. ಆದ್ದರಿಂದ ಆರ್‌ಟಿಸಿ ಮತ್ತು ಸರ್ವೆ ನಕ್ಷೆ ಹಿಡಿದು ಗಡಿಕಲ್ಲಿನ ತನಕ ನಡೆದು ನೋಡಬೇಕು. ನೆರೆಯ ತೋಟದವರನ್ನು ಮಾತನಾಡಿಸಬೇಕು. ಋಣಭಾರ ಪತ್ರದಲ್ಲಿ ಇಲ್ಲದ ಸಂಗತಿಗಳು ಅವರ ಬಾಯಲ್ಲಿ ಇರುತ್ತವೆ.

ದರ್ಖಾಸ್ತು ಜಾಗವಾದರೆ ಮಂಜೂರಾತಿಯ ಷರತ್ತು ಓದದೆ ಮುಂದುವರಿಯಬಾರದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಅದು ಅಸಿಂಧು.

ಮನೆ ಕಟ್ಟುವ ಉದ್ದೇಶವಿದ್ದರೆ ಕನ್ವರ್ಶನ್ ಆದೇಶ ಒಂದೇ ಸಾಲದು. ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಮಂಜೂರಾತಿ, ಪಂಚಾಯತಿನ 9/11 ಇದೆಯೇ ಎಂದು ಕೇಳಬೇಕು.

ಕಾಯ್ದೆಯ 31ನೇ ಕಲಮಿನ ಪ್ರಕಾರ ಕೃಷಿ ಜಮೀನಿನ ಮೇಲೆ ಸರ್ಫೇಸಿ ನಡೆಯದು. ಹಾಗಾದರೆ ಏಲಂ ಪಟ್ಟಿಯಲ್ಲಿ ತೋಟ ಬರುವುದು ಹೇಗೆ? ಆರ್‌ಟಿಸಿಯಲ್ಲಿ ಕೃಷಿ ಎಂದು ಬರೆದಿದ್ದರೆ ಮಾತ್ರ ಸಾಲದು, ನಿಜವಾಗಿ ಕೃಷಿ ನಡೆಯುತ್ತಿತ್ತು ಎಂದು ಸಾಲಗಾರನೇ ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಐದು ಸೆಂಟ್ಸು ಕನ್ವರ್ಶನ್ ಆಗಿ ಮನೆಯಿದ್ದು, ಉಳಿದದ್ದು ಅಡಿಕೆ, ಕಾಫಿ, ಕರಿಮೆಣಸು ಇರುವ ಜಾಗವನ್ನು ಒಟ್ಟಿಗೆ ಏಲಂ ಹಾಕಿದಲ್ಲಿ ವ್ಯಾಜ್ಯ ಹುಟ್ಟುವುದು ಸಹಜ. ಅಂತಹದನ್ನು ಕೂಗುವವರು ಮೊದಲೇ ವಕೀಲರಿಗೆ ಕಾಗದ ತೋರಿಸಲಿ.

ಹಳದಿ ಎಲೆ ರೋಗದಿಂದ ತೋಟ ಕಳಕೊಂಡ ಸಂಪಾಜೆ, ಅರಂತೋಡಿನಂತಹ ಕಡೆ ಪಟ್ಟಿಯಲ್ಲಿ ನಮ್ಮವರದೇ ಜಾಗ ಬರಬಾರದೆಂದೇನಿಲ್ಲ. ಅವರಿಗೂ ಒಂದು ಮಾತು. ಬ್ಯಾಂಕಿನ ಮೊದಲ ನೋಟೀಸಿಗೆ 60 ದಿನಗಳ ಅವಧಿ ಇರುತ್ತದೆ. ಜಾಗ ಕೃಷಿಯದ್ದಾದರೆ ಅಷ್ಟರೊಳಗೆ ಲಿಖಿತ ಆಕ್ಷೇಪ ಕೊಡಬೇಕು. ಒಪ್ಪದಿದ್ದರೆ ಬ್ಯಾಂಕು 15 ದಿನದಲ್ಲಿ ಕಾರಣ ತಿಳಿಸಬೇಕು. ಸ್ವಾಧೀನದ ಕ್ರಮ ನಡೆದ ಮೇಲೆ ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ. ಪೂರ್ತಿ ಬಾಕಿ ಕಟ್ಟಿ ಜಾಗ ಬಿಡಿಸಿಕೊಳ್ಳುವ ಹಕ್ಕು ಏಲಂ ಪ್ರಕಟಣೆ ಹೊರಡುವ ತನಕ ಮಾತ್ರ ಎಂದು 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಏಲಮಿನ ದಿನದವರೆಗೆ ಸಮಯವಿದೆ ಎಂದು ಯಾರಾದರೂ ಹೇಳಿದರೆ ನಂಬಬಾರದು.