ಎತ್ತರಿಸಿದ ಪಿಕಪ್ ಬಂಡಿಗೆ ಹಿಂದಣ ಷಾಕ್ ಅಬ್ಸಾರ್ಬರಿನ ಅಳತೆ

ಅಮೆರಿಕದಲ್ಲಿ ಪಿಕಪ್ ಟ್ರಕ್ಕನ್ನು ಕೊಂಡವರಲ್ಲಿ ಹಲವರು ಅದನ್ನು ಕಾರ್ಖಾನೆ ಕೊಟ್ಟ ಎತ್ತರದಲ್ಲಿ ಬಿಡುವುದಿಲ್ಲ. ಕಲ್ಲುಹಾದಿಯಲ್ಲಿ ತಳ ತಗುಲದಿರಲೆಂದೋ, ದೊಡ್ಡ ಟೈರು ಹಿಡಿಸಲೆಂದೋ, ಕೆಲವರು ಬರಿಯ ಠೀವಿಗಾಗಿಯೋ, ಎರಡು ಮೂರು ಅಂಗುಲ ಮೇಲಕ್ಕೆತ್ತಿಸುತ್ತಾರೆ. ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ಅಡ್ಡ ನಿಂತಿದೆಯೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ಅಲ್ಲಿ ನೆಲೆಸಿರುವ ನಮ್ಮ ನಂಟರೊಬ್ಬರು ಇಂಥ ಬಂಡಿಗೆ, ಮೂರು ಅಂಗುಲ ಎತ್ತರಿಸಿದವುಗಳಿಗೆ ತಕ್ಕುದೆಂದು ಚೀಟಿ ಹಚ್ಚಿದ್ದ ಹಿಂದಣ ಷಾಕ್ ಅಬ್ಸಾರ್ಬರುಗಳನ್ನು ಕೊಂಡು ಹಾಕಿಸಿದರು. ಕೆಲವು ತಿಂಗಳಲ್ಲಿಯೇ ಛಾಸಿಗೆ ಬೆಸೆದಿದ್ದ ಮೇಲಣ ಹಿಡಿ ಸೀಳಿತು. ನಾವು ಟೇಪು ಹಿಡಿದು ಕುಳಿತುದು ಆ ಬಳಿಕ.

ಭಾರವನ್ನು ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಅಡಗಿಸುವುದಷ್ಟೇ ಷಾಕ್ ಅಬ್ಸಾರ್ಬರಿನ ಕೆಲಸ. ಗುಂಡಿಗೆ ಬಿದ್ದ ಚಕ್ರವು ಮೇಲಕ್ಕೆ ನುಗ್ಗಿದಾಗ ಕೊನೆಯ ಪೆಟ್ಟನ್ನು ತಾಳಬೇಕಾದುದು ಛಾಸಿಯ ಕೆಳಗಿನ ರಬ್ಬರಿನ ತಡೆ. ಆ ತಡೆ ತಾಗುವ ಮುನ್ನವೇ ಷಾಕ್ ಅಬ್ಸಾರ್ಬರು ಪೂರ್ತಿ ಮುಚ್ಚಿಕೊಂಡರೆ ಇಡೀ ಪೆಟ್ಟು ಅದರ ಹಿಡಿಯ ಮೇಲೆ ಬೀಳುವುದು.

ಆದುದರಿಂದ ಬೇಕಾದುದು ಮೂರು ಅಳತೆ. ಬಂಡಿಯನ್ನು ಸಮನೆಲದಲ್ಲಿ, ಎಂದಿನ ಸಾಮಾನಿನ ಸಮೇತ ನಿಲ್ಲಿಸಿ, ಮೇಲಣ ಬೋಲ್ಟಿನ ನಡುವಿನಿಂದ ಕೆಳಗಣ ಬೋಲ್ಟಿನ ನಡುವಿಗೆ ಅಳೆಯತಕ್ಕದ್ದು. ಅನಂತರ ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಛಾಸಿಯನ್ನು ಜಾಕಿಯಿಂದ ಎತ್ತಿ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ (ಜಾಕಿಯನ್ನೇ ನಂಬಿ ಬಂಡಿಯ ಅಡಿಗೆ ಹೋಗಬಾರದು), ಹಳೆಯ ಷಾಕ್ ಅಬ್ಸಾರ್ಬರುಗಳನ್ನು ಕಳಚಿ, ಅಚ್ಚನ್ನು ತೂಗಬಿಟ್ಟು ಮತ್ತೆ ಅಳೆಯಬೇಕು. ಇಲ್ಲಿ ಬ್ರೇಕಿನ ಕೊಳವೆಯ ಮೇಲೆ ಕಣ್ಣಿರಲಿ. ಅದು ಬಿಗಿಯಾಗುವ ಮುನ್ನವೇ ಅಚ್ಚಿನ ಇಳಿತ ನಿಲ್ಲಬೇಕು. ಮೂರನೆಯದು, ಅಚ್ಚು ಪೂರ್ತಿ ಮೇಲೇರಿದಾಗಿನ ಅಳತೆ. ಬರಿದಾದ ಬಂಡಿಯಲ್ಲಿ ಜಾಕಿಯಿಂದ ಇದನ್ನು ಸಾಧಿಸಹೋದರೆ ಸ್ಪ್ರಿಂಗು ಮಣಿಯದೆ ಬಂಡಿಯೇ ಮೇಲೇಳುವುದು. ಆದ್ದರಿಂದ ಅಚ್ಚಿಗೂ ತಡೆಗೂ ಇರುವ ಅಂತರವನ್ನೂ ರಬ್ಬರು ಅಮುಕಿಕೊಳ್ಳುವಷ್ಟನ್ನೂ ಮೊದಲ ಅಳತೆಯಿಂದ ಕಳೆಯುವುದು.

ಷಾಕ್ ಅಬ್ಸಾರ್ಬರು ನೆಟ್ಟಗೆ ನಿಂತಿದೆಯೆಂದಿಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಎತ್ತರಿಸುವ ಮೊದಲು ನಿಂತಾಗ 18 ಅಂಗುಲ, ತೂಗಿದಾಗ 21, ತಡೆಯ ಅಂತರ 3, ರಬ್ಬರಿನ ಅಮುಕು 1. ಎಂದರೆ ಪೂರ್ತಿ ಏರಿದಾಗ 14. ಈಗ ಮೂರು ಅಂಗುಲ ಎತ್ತರಿಸಿದರೆ ನಿಂತಾಗ 21, ತೂಗಿದಾಗ 24. ಆದರೆ ತಡೆ ಇದ್ದಲ್ಲಿಯೇ ಇರುವುದರಿಂದ ಅಂತರವು 6 ಆಗಿ, ಪೂರ್ತಿ ಏರಿದಾಗಿನ ಅಳತೆ ಹಿಂದಿನ 14 ಆಗಿಯೇ ಉಳಿಯಿತು! ಎರಡು ತುದಿಗಳಲ್ಲಿಯೂ ಅರ್ಧ ಅಂಗುಲ ಬಿಡುವಿಟ್ಟರೆ, ಮುಚ್ಚಿದಾಗ 13.5, ತೆರೆದಾಗ 24.5 ಅಂಗುಲವಿರುವ ಸಾಧನ ಬೇಕು. 11 ಅಂಗುಲ ಚಲಿಸುವ ಕೋಲನ್ನು ನುಂಗಿಕೊಂಡು, ಪಿಸ್ಟನ್ನಿಗೂ ಮುದ್ರೆಗಳಿಗೂ ಎರಡು ಬಳೆಗಳಿಗೂ 2.5 ಅಂಗುಲದಲ್ಲಿ ಎಡೆ ಮಾಡಿಕೊಡುವ ಸಾಧನ ಸಾಮಾನ್ಯವಾಗಿ ದೊರೆಯಲಾರದು. ಅಂಗಡಿಯವರು ಕೊಡುವ ಉದ್ದನೆಯದು ತೆರೆಯುವುದಕ್ಕೆ ಸರಿಹೋಗಿ ಮುಚ್ಚುವುದಕ್ಕೆ ತಪ್ಪುತ್ತದೆ. ನಮ್ಮ ನಂಟರ ಬಂಡಿಯಲ್ಲಿ ಆದುದು ಇದೇ. ತಡೆಯನ್ನೂ ಮೂರು ಅಂಗುಲ ಕೆಳಕ್ಕಿಳಿಸಿದರೆ 14 ಎಂಬುದು 17 ಆಗುವುದು. ಆಗ ಮುಚ್ಚಿದಾಗ 16.5, ತೆರೆದಾಗ 24.5 ಇರುವುದು ಸಾಕು. ಅಚ್ಚಿನ ಏರಾಟ ಹಿಂದಿನಷ್ಟೇ ಉಳಿಯುವುದು ನಿಜ, ಆದರೆ ಹಿಡಿ ಉಳಿಯುತ್ತದೆ.

ಹಲವು ಬಂಡಿಗಳಲ್ಲಿ ಹಿಂದಣ ಷಾಕ್ ಅಬ್ಸಾರ್ಬರುಗಳು ಓರೆಯಾಗಿರುತ್ತವೆ. ನೆಟ್ಟಗಿನ ಗೆರೆಯಿಂದ 30 ಡಿಗ್ರಿ ಓರೆಯಾದರೆ, ಮೂರು ಅಂಗುಲದ ಎತ್ತರಿಕೆ ಅವುಗಳ ಉದ್ದದಲ್ಲಿ ಸುಮಾರು 2.6 ಅಂಗುಲ ಮಾತ್ರ. ಹಳೆಯ ಉದ್ದಕ್ಕೆ ಎತ್ತರಿಕೆಯನ್ನು ಸುಮ್ಮನೆ ಕೂಡಿಸುವವರು ಇಲ್ಲಿಯೂ ಎಡವುತ್ತಾರೆ. ಬಳೆಯ ತೂತು, ಬುಷ್ಷಿನ ಅಗಲ ಇವನ್ನೂ ಕೊಳ್ಳುವ ಮೊದಲೇ ಬರೆದಿಟ್ಟುಕೊಳ್ಳಬೇಕು. ಹೊಸದನ್ನು ಹಾಕಿದ ಮೇಲೆ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಮಾಡುವುದು ಬಂಡಿ ತನ್ನ ಚಕ್ರಗಳ ಮೇಲೆ ನಿಂತ ಬಳಿಕವೇ. ಅಚ್ಚು ತೂಗುತ್ತಿರುವಾಗಲೇ ಬಿಗಿದರೆ ಬುಷ್ಷಿನ ರಬ್ಬರು ಸದಾ ತಿರುಚಿಕೊಂಡಿದ್ದು ಬೇಗ ಹರಿಯುವುದು.