ತಾಮ್ರ ನುಡಿದ ಸಾಕ್ಷಿ

ಮೈಸೂರಿನ ಹಳೆಯ ಆನೆ ಕಾಸಿನ ಮೇಲೆ ಹಸಿರು ಕಂಡರೆ, ತಾಮ್ರಕ್ಕೆ ಕಿಲುಬು ಹಿಡಿಯುವುದು ಸಹಜ ಎಂದು ಸುಮ್ಮನಾಗುತ್ತೇವೆ. ಆ ಹಸಿರು ಬೆರಳಿಗೆ ಜಿಗುಟಾಗಿ ಅಂಟಿದರೆ ಮಾತ್ರ ಕಾಸನ್ನಿಟ್ಟ ಮೆದು ಪ್ಲಾಸ್ಟಿಕ್ ಚೀಲವನ್ನು ಅನುಮಾನಿಸಬೇಕು. ಆ ಪ್ಲಾಸ್ಟಿಕ್ಕಿನ ಕತೆ, ಅದನ್ನು ಹಿಡಿದುಕೊಡುವ ಪರೀಕ್ಷೆಯ ಕತೆ, ಎರಡೂ 1872ರಲ್ಲೇ ಸಿಗುತ್ತವೆ.

ಆ ವರ್ಷ ಜರ್ಮನಿಯ ಯೂಜೆನ್ ಬೌಮನ್, ವಿನೈಲ್ ಕ್ಲೋರೈಡ್ ತುಂಬಿ ಬಿಸಿಲಿಗಿಟ್ಟ ಗಾಜಿನ ಕೊಳವೆಯೊಳಗೆ ಬಿಳಿಯ ಘನವಸ್ತು ಕಟ್ಟಿದ್ದನ್ನು ವರದಿ ಮಾಡಿದ. ಅದೇ ಪಿವಿಸಿ. ಅದೇ ವರ್ಷ ರಷ್ಯದ ಫ್ರೆಡ್ರಿಕ್ ಬೈಲ್‌ಸ್ಟೈನ್ ಇನ್ನೊಂದು ಸಂಗತಿ ಪ್ರಕಟಿಸಿದ: ಕ್ಲೋರಿನ್ ಇರುವ ವಸ್ತುವನ್ನು ತಾಮ್ರದೊಂದಿಗೆ ಉರಿಗೆ ಹಿಡಿದರೆ ಜ್ವಾಲೆ ಹಸಿರಾಗುತ್ತದೆ.

ಬೌಮನ್ ಕಂಡ ವಸ್ತು ಗಡಸು. ಬಹುಕಾಲ ಯಾರಿಗೂ ಬೇಕಾಗಲಿಲ್ಲ. 1926ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದ. ಪಿವಿಸಿಯನ್ನು ದ್ರಾವಕದಲ್ಲಿ ಕುದಿಸಿ ಆರಿಸಿದ. ಗೋಂದು ಸಿಗಲಿಲ್ಲ, ರಬ್ಬರಿನಂತೆ ಬಳುಕುವ ಮೆದು ಪದಾರ್ಥ ಸಿಕ್ಕಿತು. ಅದರಿಂದ ಮಳೆಯಂಗಿ ಬಂತು, ಪರದೆ ಬಂತು, ಮುಂದೆ ನಾಣ್ಯದ ಚೀಲವೂ ಬಂತು. ನಾಣ್ಯದ ಎರಡೂ ಮುಖ ಕಾಣುತ್ತವೆ, ಎಷ್ಟು ಮಡಿಸಿದರೂ ಬಿರಿಯುವುದಿಲ್ಲ. ಸಂಗ್ರಹಕಾರರು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಕೇಡು ಇದ್ದದ್ದು ಆ ಮೆದುತನದಲ್ಲೇ. ಮೆದುವಾಗಲೆಂದು ಬೆರೆಸಿದ ಎಣ್ಣೆಯಂಥ ಪದಾರ್ಥ ಪಿವಿಸಿಯೊಡನೆ ರಾಸಾಯನಿಕವಾಗಿ ಬೆಸೆದಿರುವುದಿಲ್ಲ. ವರ್ಷಗಳು ಕಳೆದಂತೆ ಒಸರಿ ನಾಣ್ಯಕ್ಕೆ ಮೆತ್ತಿಕೊಳ್ಳುತ್ತದೆ. ಶಾಖಕ್ಕೆ, ಬೆಳಕಿಗೆ ಹಳಸಿದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ತೇವ ಸೇರಿದರೆ ಅದು ಆಮ್ಲ. ಆಮ್ಲ ತಾಮ್ರವನ್ನು ಕೊರೆಯುತ್ತದೆ, ಹಸಿರು ಲವಣ ಮೂಡುತ್ತದೆ. ತಾಮ್ರ ಬೆರೆತ ಬೆಳ್ಳಿ ನಾಣ್ಯಕ್ಕೂ ಬಿಡುಗಡೆಯಿಲ್ಲ. ಬೈಲ್‌ಸ್ಟೈನ್‌ನ ಜ್ವಾಲೆಯಲ್ಲಿ ಒಂದು ಕ್ಷಣಕ್ಕೆ ಕೂಡುವ ತಾಮ್ರ ಮತ್ತು ಕ್ಲೋರಿನ್, ಚೀಲದೊಳಗೆ ವರ್ಷಗಟ್ಟಲೆ ಮೆಲ್ಲಗೆ ಕೂಡುತ್ತಿದ್ದವು.

ಹಾಗಾಗಿ ಚೀಲವನ್ನು ಪರೀಕ್ಷಿಸಲು ಹಳೆಯ ತಂತಿಯೇ ಸಾಕು. ಗಾಳಿಯಾಡುವ ಕಡೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಚೀಲದ ಅಂಚಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಬೇಕು. ಹಸಿರು ಮಿಂಚಿದರೆ ಆ ಚೀಲ ಬೇಡ. ಹೊಗೆ ಮಾತ್ರ ಮೂಗಿಗೆ ಹೋಗಬಾರದು.

ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲೂ ಲೋಹದ್ದೇ ಸಾಕ್ಷಿ. ಈಗಿನ ರೂಢಿಯಂತೆ ಬೆಳ್ಳಿ, ತಾಮ್ರ, ಸೀಸದ ತುಣುಕುಗಳನ್ನು ಶಂಕಿತ ವಸ್ತುವಿನೊಡನೆ, ತುಸು ನೀರಿಟ್ಟು, ಭದ್ರವಾಗಿ ಮುಚ್ಚಿ, 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ಲೋಹ ಕಂದಿದರೆ ಆ ವಸ್ತುವಿಗೆ ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಜಾಗವಿಲ್ಲ. ಪ್ಲಾಸ್ಟಿಕ್ ಅಷ್ಟೇ ಅಲ್ಲ, ಬಟ್ಟೆ, ಮರ, ಅಂಟು ಎಲ್ಲಕ್ಕೂ ಇದೇ ಪರೀಕ್ಷೆ.

ನಾನು ನೆಚ್ಚುವುದು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯನ್ನು. ಅದು ಗಡಸು, ಮಡಿಸಿದಲ್ಲಿ ಬಿರಿಯುತ್ತದೆ, ಒರಟಾಗಿ ಎಳೆದರೆ ನಾಣ್ಯಕ್ಕೆ ಗೀರು ಬೀಳಬಹುದು. ಆದರೂ ಅದರಿಂದ ಏನೂ ಒಸರುವುದಿಲ್ಲ. ಗಟ್ಟಿ ಅಕ್ರಿಲಿಕ್ ಡಬ್ಬಿಯೂ ಒಳ್ಳೆಯದೇ.

ಈಗಾಗಲೇ ಹಸಿರು ಮೆತ್ತಿದ್ದರೆ ದಯವಿಟ್ಟು ಪೂಜೆಯ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಹುಳಿ ಕಾಸಿನ ಹಳೆಯ ಬಣ್ಣವನ್ನೂ ತೊಳೆದುಬಿಡುತ್ತದೆ. ಶುದ್ಧ ಅಸಿಟೋನ್‌ನಲ್ಲಿ, ಬೆಂಕಿಯಿಂದ ದೂರ, ಗಾಜಿನ ಬಟ್ಟಲಲ್ಲಿ ನೆನೆಸಿದರೆ ಜಿಗುಟು ಬಿಡುತ್ತದೆ. ಆಮ್ಲ ಆಗಲೇ ಕೊರೆದ ಗುಳಿ ಮಾತ್ರ ಆನೆಯ ಮೈಮೇಲೆ ಹಾಗೇ ಉಳಿಯುತ್ತದೆ.