ಮೂತಿಯಿಲ್ಲದ ದೋಣಿ: ಹರಿಗೋಲು

ಆನೆಗೊಂದಿಯ ಸಮೀಪದ ಸಣಾಪುರ ಕೆರೆಯಲ್ಲಿ ಕುಟುಂಬಗಳು ವಿಹಾರಕ್ಕೆ ಏರುವ ಹರಿಗೋಲು, ಅಂದರೆ ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ನೀರು ಒಸರದ ಹೊದಿಕೆ ಹಾಕಿದ ದುಂಡು ದೋಣಿ, ತುಂಗಭದ್ರೆಯ ಮೀನುಗಾರರ ದುಡಿಮೆಯ ಸಾಧನವೂ ಹೌದು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಚರ್ಮ ಹೊದಿಸಿದ ಇಂಥ ದೋಣಿಗಳು 15ರಿಂದ 20 ಜನರನ್ನು ಹೊತ್ತು ಸುತ್ತುತ್ತಲೇ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಮುಂತುದಿ, ಹಿಂತುದಿಗಳಿಲ್ಲದ ಕಾರಣ ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ಹರಿಗೋಲು ನಿಂತಲ್ಲೇ ತಿರುಗುತ್ತದೆ. ಆದ್ದರಿಂದ ಅಂಬಿಗನು ಹುಟ್ಟನ್ನು ಎದುರಿಗೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ; ಈ ಕೌಶಲ ಮಕ್ಕಳಿಗೆ ತೋರಿಸುವಂಥದ್ದು. ತಳ ಚಪ್ಪಟೆಯಾಗಿರುವುದರಿಂದ ಮೊಣಕಾಲುದ್ದದ ನೀರಿನಲ್ಲೂ ತೇಲುವ ಈ ದೋಣಿಯಿಂದ ಮೀನುಗಾರರು ಕಿವಿರುಬಲೆಯನ್ನು, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ನೀರಿನಲ್ಲಿ ಗೋಡೆಯಾಗಿ ನಿಲ್ಲುವ ಬಲೆಯನ್ನು, ಸಂಜೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ.